ಆಯಿಲ್ ಬದಲಾಯಿಸಿದ ಮೇಲೆ ಕ್ಲಚ್ ಜಾರುತ್ತಿದೆಯೇ? ಎಂಜಿನ್ ಬಿಚ್ಚುವ ಮೊದಲು ಡಬ್ಬ ಓದಿ

ನನ್ನ ಭಾವನವರ 150 ಸಿಸಿ ಬೈಕು ಒಂದು ದಿನ ಏರು ಹತ್ತಲು ಒದ್ದಾಡತೊಡಗಿತು. ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಜೋರಾಗಿ ಕೂಗುತ್ತಿತ್ತು. ಗಾಡಿ ಮಾತ್ರ ಅದೇ ವೇಗದಲ್ಲಿ ತೆವಳುತ್ತಿತ್ತು. ಗ್ಯಾರೇಜಿನವರು ಕ್ಲಚ್ ಪ್ಲೇಟು ಸವೆದಿರಬೇಕು ಅಂದರು. ಹೊಸ ಪ್ಲೇಟು ಹಾಕಿಸಿದ್ದಾಯಿತು. ಹದಿನೈದು ದಿನ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ಗೋಳು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಭಾವ, ಆಯಿಲ್ ಯಾವುದು ಹಾಕಿಸಿದ್ರಿ?" ಅವರು ಒಳಗೆ ಹೋಗಿ ಡಬ್ಬ ತಂದು ತೋರಿಸಿದರು. ಕಾರಿಗೆ ಹಾಕುವ 5ಡಬ್ಲ್ಯೂ-30 (ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡು, ವಿವರ ಮುಂದೆ ಇದೆ), ಪೂರ್ತಿ ಸಿಂಥೆಟಿಕ್, ಒಳ್ಳೆಯ ದುಬಾರಿ ಆಯಿಲ್. ಗಾಡಿ ಮೇಲೆ ಪ್ರೀತಿ ಇದ್ದಿದ್ದಕ್ಕೇ ಅದನ್ನು ತಂದಿದ್ದರು. ಆಯಿಲ್ ಕೆಟ್ಟದ್ದೇನಲ್ಲ. ಆದರೆ ಬೈಕಿಗೆ ಅದು ಆಗಿಬರುವುದಿಲ್ಲ.

ಆಯಿಲ್ ತಪ್ಪಾದಾಗ ಗಾಡಿ ಏನೇನು ಲಕ್ಷಣ ತೋರಿಸುತ್ತದೆ, ಅದು ಆಯಿಲ್‌ನ ದೋಷವೋ ಬೇರೆಯದೋ ಎಂದು ಹೇಗೆ ಕಂಡುಹಿಡಿಯುವುದು, ಅದನ್ನು ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ. ಸ್ಪ್ಯಾನರ್ ಕೊನೆಗೆ ಬರುತ್ತದೆ.

ಬೈಕಿನ ಆಯಿಲ್‌ಗೆ ಮೂರು ಕೆಲಸ

ಗೇರಿರುವ ಮಾಮೂಲು ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್ನಿನಲ್ಲಷ್ಟೇ ಇರುತ್ತದೆ. ಗೇರ್‌ಬಾಕ್ಸಿಗೆ ಬೇರೆ ಆಯಿಲ್. ಕ್ಲಚ್ ಒಣಗಿಯೇ ಇರುತ್ತದೆ. ಬಹುತೇಕ ಬೈಕುಗಳಲ್ಲಿ ಹಾಗಲ್ಲ. ಪಿಸ್ಟನ್ನಿಗೆ ಹೋಗುವ ಆಯಿಲ್ಲೇ ಗೇರುಗಳ ನಡುವೆಯೂ ಓಡುತ್ತದೆ. ಕ್ಲಚ್ ಪ್ಲೇಟುಗಳೂ ಅದರಲ್ಲೇ ನೆನೆದಿರುತ್ತವೆ. ಇದಕ್ಕೆ ವೆಟ್ ಕ್ಲಚ್ ಅನ್ನುತ್ತಾರೆ.

ಕಷ್ಟ ಇರುವುದು ಇಲ್ಲೇ. ಎಂಜಿನ್ನಿಗೆ ಆಯಿಲ್ ಜಾರಬೇಕು. ಕ್ಲಚ್ಚಿಗೆ ಅದೇ ಆಯಿಲ್‌ನಲ್ಲಿ ಮುಳುಗಿಯೂ ಪ್ಲೇಟುಗಳು ಒಂದನ್ನೊಂದು ಗಟ್ಟಿಯಾಗಿ ಕಚ್ಚಬೇಕು. ಇಂಧನ ಉಳಿಸಲೆಂದು ಕಾರಿನ ಎಷ್ಟೋ ಆಯಿಲ್‌ಗಳಿಗೆ ಘರ್ಷಣೆ ಕಮ್ಮಿ ಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಮಾಲಿಬ್ಡಿನಮ್ ಸಂಯುಕ್ತಗಳು ಇದರಲ್ಲಿ ಮುಖ್ಯವಾದವು. ಕಾರಿನಲ್ಲಿ ಇದರಿಂದ ಮೈಲೇಜ್ ಸಿಗುತ್ತದೆ. ಬೈಕಿನಲ್ಲಿ ಅದೇ ವಸ್ತು ಕ್ಲಚ್ ಪ್ಲೇಟಿನ ಮೈಗೆ ಅಂಟಿಕೊಂಡು ಹಿಡಿತವನ್ನು ಕಿತ್ತುಕೊಳ್ಳುತ್ತದೆ.

ಗೇರುಗಳೂ ಆಯಿಲ್ ಮೇಲೆ ಕರುಣೆ ತೋರಿಸುವುದಿಲ್ಲ. ಅದನ್ನು ಮುಂದೆ ನೋಡೋಣ.

ಮೊದಲ ಪ್ರಶ್ನೆ: ತೊಂದರೆ ಯಾವಾಗ ಶುರುವಾಯಿತು?

ಆಯಿಲ್ ಬದಲಾಯಿಸಿದ ದಿನದ ಕಿಲೋಮೀಟರ್ ನೋಡಿ. ತೊಂದರೆ ಕಂಡ ದಿನದ ಕಿಲೋಮೀಟರ್ ಪಕ್ಕದಲ್ಲಿ ಬರೆಯಿರಿ. ನಡುವೆ ಕೆಲವೇ ನೂರು ಕಿಲೋಮೀಟರ್ ಇದ್ದರೆ ಆಯಿಲ್ ಮೇಲೆ ಅನುಮಾನ ಪಡಲು ಕಾರಣ ಇದೆ. ಪ್ಲೇಟು ಸವೆಯುವುದು ನಿಧಾನದ ಕೆಲಸ. ಮೊದಲು ಕಡಿದಾದ ಏರಿನಲ್ಲಿ ಮಾತ್ರ ಜಾರುತ್ತದೆ. ತಿಂಗಳುಗಟ್ಟಲೆ ಆದಮೇಲೆ ಸಮತಟ್ಟಾದ ರಸ್ತೆಯಲ್ಲೂ ಜಾರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಕ್ಲಚ್ ಸರ್ವಿಸ್ ಆದ ಮೇಲೆ ದಿಢೀರನೆ ಜಾರಿತೆಂದರೆ, ಆ ಸರ್ವಿಸ್‌ನಲ್ಲೇ ಏನೋ ಬದಲಾಗಿದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಆಯಿಲ್ ಬದಲಾಯಿಸುವ ದಿನವೇ ಮೆಕ್ಯಾನಿಕ್ ಕ್ಲಚ್ ಕೇಬಲ್ಲನ್ನೂ ಬಿಗಿ ಮಾಡಿರುತ್ತಾನೆ. ಹಾಗಾಗಿ ಒಂದೇ ತಾರೀಖಿಗೆ ಇಬ್ಬರು ಆರೋಪಿಗಳು. ಕೇಬಲ್ಲನ್ನು ಎರಡೇ ನಿಮಿಷದಲ್ಲಿ ಪರೀಕ್ಷಿಸಬಹುದು. ಅದನ್ನೇ ಮೊದಲು ಮುಗಿಸಿ.

ಕ್ಲಚ್ ನಿಜವಾಗಿಯೂ ಜಾರುತ್ತಿದೆಯಾ?

ಎಳೆತ ಇಲ್ಲ ಅಂದಮಾತ್ರಕ್ಕೆ ಕ್ಲಚ್ ಜಾರುತ್ತಿದೆ ಎಂದಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ, ಬ್ರೇಕ್ ಹಿಡಿದುಕೊಂಡೇ ಇದ್ದರೂ ಗಾಡಿ ಎಳೆಯುವುದಿಲ್ಲ. ಆದರೆ ಆಗ ಎಂಜಿನ್ನಿನ ಸದ್ದೂ ಏರುವುದಿಲ್ಲ. ಜಾರುವ ಕ್ಲಚ್‌ನಲ್ಲಿ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ವ್ಯತ್ಯಾಸ ಇಷ್ಟೇ. ಆದರೆ ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಪರೀಕ್ಷೆ ಹೀಗೆ. ಗಾಡಿಯನ್ನು ಒಂದು ಹದಿನೈದು ನಿಮಿಷ ಓಡಿಸಿ ಎಂಜಿನ್ ಬಿಸಿಯಾಗಲು ಬಿಡಿ. ತಣ್ಣಗಿರುವಾಗ ಜಾರದ ಕ್ಲಚ್ ಬಿಸಿಯಾದ ಮೇಲೆ ಜಾರಬಹುದು. ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ತಿರುವಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಕಷ್ಟಪಡುತ್ತಲೇ ಗಾಡಿಯ ವೇಗದ ಜೊತೆ ನಿಧಾನಕ್ಕೆ ಏರುತ್ತದೆ. ಜಾರುತ್ತಿದ್ದರೆ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರುತ್ತದೆ, ಸ್ಪೀಡೋಮೀಟರ್ ಅಲ್ಲೇ ಇರುತ್ತದೆ. ಒಮ್ಮೆ ಮಾಡಿದರೆ ಸಾಕು. ಪದೇ ಪದೇ ಮಾಡಿದರೆ ಚೆನ್ನಾಗಿರುವ ಪ್ಲೇಟನ್ನೂ ನಾವೇ ಸುಟ್ಟ ಹಾಗಾಗುತ್ತದೆ.

ಜಾರುತ್ತಿರುವುದು ಖಚಿತವಾದರೆ ಕ್ಲಚ್ ಲಿವರ್‌ಗೆ ಬನ್ನಿ. ಲಿವರ್ ತುದಿಯಲ್ಲಿ, ಕೇಬಲ್ ಬಿಗಿಯಾಗುವ ಮೊದಲು, ಸ್ವಲ್ಪ ಸಡಿಲ ಇರಬೇಕು. ಹೆಚ್ಚಿನ ಬೈಕುಗಳಿಗೆ 10ರಿಂದ 20 ಮಿಲಿಮೀಟರ್. ಸಡಿಲವೇ ಇಲ್ಲದಿದ್ದರೆ ನೀವು ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಹಿಡಿದಂತೆಯೇ ಇರುತ್ತದೆ. ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಒಂದು ಕಡೆಗೆ ತಿರುಗಿಸಿದಾಗ ಸಡಿಲ ಮಾಯವಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಹೊಂದಿಸಿ ಮತ್ತೆ ಓಡಿಸಿ. ಜಾರುವುದು ನಿಂತರೆ ಆಯಿಲ್ ನಿರಪರಾಧಿ. ಹೈಡ್ರಾಲಿಕ್ ಕ್ಲಚ್‌ನಲ್ಲಿ ಈ ಕೇಬಲ್ ಇರುವುದಿಲ್ಲ, ಆಗ ನೇರವಾಗಿ ಡಬ್ಬಕ್ಕೆ ಹೋಗಿ.

ಡಬ್ಬ ಓದುವುದು

ಖಾಲಿ ಡಬ್ಬವನ್ನು ದಯವಿಟ್ಟು ಎಸೆಯಬೇಡಿ. ಕೊನೇಪಕ್ಷ ಅದರ ಹಿಂಭಾಗದ ಫೋಟೋ ತೆಗೆದಿಡಿ. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿದ್ದಕ್ಕಿಂತ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಜಾಸ್ತಿ ಸತ್ಯ ಇರುತ್ತದೆ.

ಮೊದಲು ಹುಡುಕಬೇಕಾದ್ದು ಜಾಸೋ ಎಂಬ ಗುರುತು. ಜಾಸೋ ಅಂದರೆ ಜಪಾನಿನ ವಾಹನ ಮಾನದಂಡ ಸಂಸ್ಥೆ. ಬೈಕಿನ ನಾಲ್ಕು ಸ್ಟ್ರೋಕ್ ಎಂಜಿನ್ ಆಯಿಲ್‌ಗೆಂದೇ 1998ರಲ್ಲಿ ಟಿ 903 ಎಂಬ ಮಾನದಂಡ ಬಂತು. ಕಾರಿನ ಆಯಿಲ್‌ಗಳು ಹೆಚ್ಚು ಹೆಚ್ಚು ಜಾರತೊಡಗಿದ್ದೇ ಇದಕ್ಕೆ ಕಾರಣ. ಇದರಲ್ಲಿ ಆಯಿಲ್‌ನೊಳಗೆ ನಿಜವಾದ ಕ್ಲಚ್ ಪ್ಲೇಟುಗಳನ್ನು ತಿರುಗಿಸಿ ಮೂರು ಸಂಗತಿ ಅಳೆಯುತ್ತಾರೆ. ಪ್ಲೇಟು ಚಲಿಸುವಾಗಿನ ಘರ್ಷಣೆ, ಹಿಡಿದು ನಿಂತಾಗಿನ ಘರ್ಷಣೆ, ತಿರುಗುತ್ತಿದ್ದದ್ದು ನಿಲ್ಲಲು ಹಿಡಿಯುವ ಸಮಯ. ಘರ್ಷಣೆ ಜಾಸ್ತಿ ಇದ್ದರೆ ಎಂಎ, ಕಮ್ಮಿ ಇದ್ದರೆ ಎಂಬಿ. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ಇನ್ನೂ ಒಡೆದರು. ಎರಡರಲ್ಲಿ ಎಂಎ2ಗೆ ಹಿಡಿತ ಜಾಸ್ತಿ.

ವೆಟ್ ಕ್ಲಚ್ ಬೈಕಿಗೆ ಎಂಎ ಕುಟುಂಬದ ಆಯಿಲ್ಲೇ ಬೇಕು. ಕೈಪಿಡಿ ಎಂಎ2 ಅಂದಿದ್ದರೆ ಅದನ್ನೇ ಹಾಕಿ. ಎಂಬಿ ಹಾಕಿದ್ದರೆ ನಿಮ್ಮ ದೋಷ ಬಹುತೇಕ ಸಿಕ್ಕಂತೆ. ಡಬ್ಬದ ಮೇಲೆ ಜಾಸೋ ಹೆಸರೇ ಇಲ್ಲದಿದ್ದರೆ ಕ್ಲಚ್ ವಿಚಾರದಲ್ಲಿ ಆ ಆಯಿಲ್ ಯಾವ ಮಾತೂ ಕೊಟ್ಟಿಲ್ಲ ಎಂದೇ ತಿಳಿಯಿರಿ.

ಎರಡನೆಯದು ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು. ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಹೀಗೆ. ಅಕ್ಷರ ಮುಂದೆ ಹೋದಷ್ಟೂ ಮಾನದಂಡ ಹೊಸದು. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸ ಅಕ್ಷರ ನೋಡಿ ಖುಷಿಪಡುವವರು ಬಹಳ. ಅದು ಎಂಜಿನ್ನಿನ ಸವೆತ, ಮಸಿ, ಶುಚಿತ್ವದ ಬಗ್ಗೆ ಹೇಳುತ್ತದೆ. ಕ್ಲಚ್ ಬಗ್ಗೆ ಒಂದಕ್ಷರವೂ ಹೇಳುವುದಿಲ್ಲ. ಡಬ್ಬದ ಮೇಲಿನ ದುಂಡನೆಯ ಎಪಿಐ ಮುದ್ರೆಯ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇದ್ದರೆ ಆ ಡಬ್ಬವನ್ನು ಬೈಕಿನಿಂದ ದೂರ ಇಡಿ. ಹಳೆಯ ಡಬ್ಬಗಳಲ್ಲಿ ಅಲ್ಲಿ 'ಎನರ್ಜಿ ಕನ್ಸರ್ವಿಂಗ್' ಅಂತ ಇರುತ್ತದೆ. ಇಂಧನ ಉಳಿಸಲು ಹೊಂದಿಸಿದ ಆಯಿಲ್ ಇದು ಎಂದು ಆ ಮಾತಿನ ಅರ್ಥ. ಭಾವ ತಂದ ಡಬ್ಬದಲ್ಲಿ ಇದೇ ಇತ್ತು.

ಇನ್ನೊಂದು ಕಾರಣಕ್ಕೂ ಕಾರಿನ ಹೊಸ ಆಯಿಲ್ ಬೈಕಿಗೆ ಅಷ್ಟು ಒಗ್ಗುವುದಿಲ್ಲ. ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು 20 ಮತ್ತು 30 ಗ್ರೇಡಿನ ಹೊಸ ಆಯಿಲ್‌ಗಳಲ್ಲಿ ರಂಜಕ ಶೇ. 0.08 ದಾಟಬಾರದೆಂಬ ಮಿತಿ ಇದೆ. ಸತು ಮತ್ತು ರಂಜಕ ಸೇರಿದ ವಸ್ತುವೇ ಕ್ಯಾಮ್ (ವಾಲ್ವ್ ತೆರೆಯುವ ಭಾಗ) ಮತ್ತು ಗೇರಿನ ಹಲ್ಲುಗಳನ್ನು ಕಾಯುವುದು. ಜಾಸೋ ಅದೇ ರಂಜಕ ಶೇ. 0.08ರಿಂದ 0.12ರ ನಡುವೆ ಇರಲೇಬೇಕು ಅನ್ನುತ್ತದೆ. ಅಲ್ಲಿಯ ಗರಿಷ್ಠ ಇಲ್ಲಿಯ ಕನಿಷ್ಠ.

ಸಿಂಥೆಟಿಕ್ ಹಾಕಿದ್ದಕ್ಕೇ ಕ್ಲಚ್ ಜಾರಿತು ಅನ್ನುವ ಮಾತು ಆಗಾಗ ಕೇಳುತ್ತೇನೆ. ಇದು ಸರಿಯಲ್ಲ. ಸಿಂಥೆಟಿಕ್, ಸೆಮಿ ಸಿಂಥೆಟಿಕ್, ಮಿನರಲ್ ಎನ್ನುವುದು ಮೂಲ ಎಣ್ಣೆಯ ಮಾತು. ಕ್ಲಚ್ ಜಾರಿಸುವುದು ಅದಕ್ಕೆ ಬೆರೆಸಿದ ರಾಸಾಯನಿಕ. ಎಂಎ2 ಗುರುತಿರುವ ಸಿಂಥೆಟಿಕ್ ಬೇಕಾದಷ್ಟಿವೆ, ನಿಶ್ಚಿಂತೆಯಿಂದ ಹಾಕಬಹುದು.

ಸ್ಕೂಟರ್ ಇರುವವರಿಗೆ ಒಂದು ಮಾತು. ಬೆಲ್ಟಿನ ಆಟೋಮ್ಯಾಟಿಕ್ ಸ್ಕೂಟರ್‌ನಲ್ಲಿ ಕ್ಲಚ್ ಒಣ ಡಬ್ಬಿಯಲ್ಲಿರುತ್ತದೆ, ಎಂಜಿನ್ ಆಯಿಲ್ ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಎಂಬಿ ಅಲ್ಲಿ ಸರಿ. ಸ್ಕೂಟರ್‌ಗೆ ತಂದು ಉಳಿದ ಅರ್ಧ ಡಬ್ಬವನ್ನು ಮನೆಯ ಬೈಕಿಗೆ ಸುರಿಯುವುದರಿಂದಲೇ ಎಷ್ಟೋ ಕ್ಲಚ್‌ಗಳು ಕೆಡುತ್ತವೆ. ಡ್ರೈ ಕ್ಲಚ್ ಇರುವ ಬೈಕುಗಳೂ ಇವೆ. ಅವಕ್ಕೆ ಅವುಗಳ ಕೈಪಿಡಿಯೇ ದಾರಿ.

ತಪ್ಪು ಆಯಿಲ್ ಬಿದ್ದಿದ್ದರೆ

ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ. ಕೈ ಸುಟ್ಟುಕೊಳ್ಳದಂತೆ ನೋಡಿಕೊಳ್ಳಿ. ಗಾಡಿ ನೆಟ್ಟಗೆ ನಿಂತಿರಲಿ, ಸಾಕಷ್ಟು ಹೊತ್ತು ಸುರಿಯಲಿ. ಫಿಲ್ಟರ್ ಇದ್ದರೆ ಅದನ್ನೂ ಬದಲಾಯಿಸಿ, ಅದರೊಳಗೂ ಹಳೇ ಆಯಿಲ್ ನಿಂತಿರುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಸರಿಯಾದ ಗ್ರೇಡಿನ ಎಂಎ ಆಯಿಲ್ ತುಂಬಿ ನೂರಿನ್ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ. ಎಷ್ಟೇ ಇಳಿಸಿದರೂ ಎಂಜಿನ್ನಿನ ಮೂಲೆಗಳಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಅದಕ್ಕೇ ಇನ್ನೊಂದು ಸಲ ಇಳಿಸಿ ತುಂಬುವುದು ಒಳ್ಳೆಯದು. ಮೊದಲ ಸಲಕ್ಕೆ ಸಾಧಾರಣ ಮಿನರಲ್ ಎಂಎ ಸಾಕು.

ಬೇಗ ಗೊತ್ತಾಗಿದ್ದರೆ ಇಷ್ಟಕ್ಕೇ ಕ್ಲಚ್ ಮತ್ತೆ ಹಿಡಿಯುವುದುಂಟು. ಎರಡನೇ ಬದಲಾವಣೆ ಆದಮೇಲೂ ಜಾರುತ್ತಿದ್ದರೆ ಮಾತ್ರ ಕ್ಲಚ್ ಕವರ್ ಬಿಚ್ಚಿ. ಘರ್ಷಣೆ ಪ್ಲೇಟಿನ ದಪ್ಪ ಅಳೆಯಿರಿ, ಸ್ಪ್ರಿಂಗಿನ ಉದ್ದ ಅಳೆಯಿರಿ. ಎರಡಕ್ಕೂ ಸರ್ವಿಸ್ ಕೈಪಿಡಿಯಲ್ಲಿ ಮಿತಿ ಕೊಟ್ಟಿರುತ್ತಾರೆ. ಉಕ್ಕಿನ ಪ್ಲೇಟು ನೀಲಿಗಟ್ಟಿದ್ದರೆ ಅತಿಯಾಗಿ ಬಿಸಿಯಾಗಿದೆ ಎಂದರ್ಥ. ಘರ್ಷಣೆ ಪ್ಲೇಟು ಗಾಜಿನಂತೆ ಹೊಳೆಯುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಬದಲಾಯಿಸಲೇಬೇಕು. ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲು ಸರಿಯಾದ ಆಯಿಲ್‌ನಲ್ಲಿ ನೆನೆಸಿಡಿ.

ಗೇರು ಸರಿಯಾಗಿ ಬೀಳುತ್ತಿಲ್ಲ

ಇದೂ ಆಯಿಲ್‌ನದ್ದಾಗಿರಬಹುದು, ಆದರೆ ಗುರುತು ಬೇರೆ. ಆಯಿಲ್ ಹೊಸದಿದ್ದಾಗ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಒಂದೆರಡು ಸಾವಿರ ಕಿಲೋಮೀಟರ್ ಆದಮೇಲೆ ಗಟ್ಟಿಯಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಆಯಿಲ್ ಬದಲಾಯಿಸಿದರೆ ಮತ್ತೆ ಸರಿ. ಹೀಗೆ ಸುತ್ತು ಸುತ್ತಾಗಿ ಬಂದರೆ ಆಯಿಲ್ ಬೇಗ ತೆಳುವಾಗುತ್ತಿದೆ.

10ಡಬ್ಲ್ಯೂ-40ರಂಥ ಆಯಿಲ್ ಬಿಸಿಯಲ್ಲೂ ದಪ್ಪ ಉಳಿಸಿಕೊಳ್ಳಲು ಉದ್ದುದ್ದ ಸರಪಳಿಯಂಥ ಪಾಲಿಮರ್ ಅಣುಗಳ ನೆರವು ಪಡೆಯುತ್ತದೆ. ಗೇರಿನ ಹಲ್ಲುಗಳು ಒಂದಕ್ಕೊಂದು ಕಚ್ಚುವಾಗ ಈ ಸರಪಳಿಗಳು ಕತ್ತರಿಸಿ ಹೋಗುತ್ತವೆ. ಆಗ ಡಬ್ಬದ ಮೇಲೆ 40 ಇದ್ದರೂ ಎಂಜಿನ್ನಿನಲ್ಲಿರುವುದು 30ರ ದಪ್ಪದ್ದು. ನಿಮ್ಮ ಕಾಲಿಗೆ ಮೊದಲು ಗೊತ್ತಾಗುವುದು ಇದೇ. ಆಯಿಲ್ ಬದಲಾಯಿಸುವ ಅಂತರ ಕಮ್ಮಿ ಮಾಡಿ, ಇಲ್ಲವೇ ಅದೇ ಗ್ರೇಡಿನ ಇನ್ನೊಂದು ಎಂಎ ಆಯಿಲ್ ಹಾಕಿ ನೋಡಿ.

ಹೊಸ ಆಯಿಲ್ ಹಾಕಿದರೂ ಗೇರು ಗಟ್ಟಿಯಾಗೇ ಇದ್ದರೆ ಆಯಿಲ್ ಬಿಟ್ಟು ಬೇರೆ ಕಡೆ ನೋಡಿ. ಕ್ಲಚ್ ಲಿವರ್‌ನಲ್ಲಿ ಸಡಿಲ ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರು ಪೆಡಲ್ ಬಾಗಿರಬಹುದು. ಚೈನ್ ಬಿಗಿತ ಹೆಚ್ಚುಕಮ್ಮಿ ಆಗಿರಬಹುದು. ಬೆಳಗ್ಗೆ ಮೊದಲ ಗೇರು ಹಾಕುವಾಗ ಒಂದು 'ಟಕ್' ಬರುವುದು ದೋಷವಲ್ಲ. ರಾತ್ರಿಯಿಡೀ ಅಂಟಿಕೊಂಡಿದ್ದ ಪ್ಲೇಟುಗಳು ಬಿಡಿಸಿಕೊಳ್ಳುವಾಗ ಬರುವ ಸದ್ದು ಅದು.

ದಪ್ಪ ಹಾಕಿದರೆ ಒಳ್ಳೆಯದಲ್ವಾ?

ಈ ನಂಬಿಕೆ ಬಹಳ ಗಟ್ಟಿಯಾಗಿ ಕೂತಿದೆ. 10ಡಬ್ಲ್ಯೂ-30 ಬೇಡುವ ಎಂಜಿನ್ನಿಗೆ 20ಡಬ್ಲ್ಯೂ-50 ಹಾಕಿ, ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಮೈಲೇಜ್ ಬಿದ್ದಿದೆ, ಎಂಜಿನ್ ಭಾರ ಅನಿಸುತ್ತೆ ಎಂದು ಬರುವವರನ್ನು ನೋಡಿದ್ದೇನೆ.

ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿನ ನಡವಳಿಕೆ. 10ಡಬ್ಲ್ಯೂ ಆಯಿಲ್‌ನಲ್ಲಿ ಎಂಜಿನ್ ತಿರುಗುತ್ತದೆಯೇ ಎಂದು ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 20ಡಬ್ಲ್ಯೂಗೆ ಮೈನಸ್ 15 ಡಿಗ್ರಿ. ನಮ್ಮಲ್ಲಿ ಹಿಮ ಬೀಳಲ್ಲ, ನಮಗ್ಯಾಕೆ ಅನ್ನಬೇಡಿ. ತಣ್ಣಗಿನ ಎಂಜಿನ್ ಎಲ್ಲೇ ಇರಲಿ, ಸ್ಟಾರ್ಟ್ ಆದ ಮೊದಲ ಸೆಕೆಂಡುಗಳಲ್ಲಿ ತೆಳುವಾದ ಆಯಿಲ್ ಮೇಲಿನ ಕ್ಯಾಮ್‌ವರೆಗೆ ಬೇಗ ತಲುಪುತ್ತದೆ. ಡಬ್ಲ್ಯೂ ಆದಮೇಲೆ ಬರುವ ಅಂಕಿ 100 ಡಿಗ್ರಿಯಲ್ಲಿನ ದಪ್ಪ. 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ (ಇದು ದಪ್ಪದ ಅಳತೆ). 40 ಅಂದರೆ 12.5ರಿಂದ 16.3. 50 ಅಂದರೆ 16.3ರಿಂದ 21.9. ಪಂಪು, ಬೇರಿಂಗಿನ ಸಂದು, ಆಯಿಲ್ ದಾರಿಯ ತೂತು ಎಲ್ಲವನ್ನೂ ಒಂದು ದಪ್ಪಕ್ಕೆ ಹೊಂದಿಸಿ ಎಂಜಿನ್ ಕಟ್ಟಿರುತ್ತಾರೆ. ಒಂದು ಗ್ರೇಡ್ ಆಚೀಚೆ ಹೋಗಲು ಕೈಪಿಡಿಯೇ ಅವಕಾಶ ಕೊಟ್ಟಿದ್ದರೆ ಹೋಗಿ. ಇಲ್ಲದಿದ್ದರೆ ಬೇಡ.

ತೆಳು ಹಾಕಿದರೆ ತೊಂದರೆ ಬಿಸಿಯಲ್ಲಿ ಕಾಣುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ ಟ್ರಾಫಿಕ್‌ನಲ್ಲಿ ನಿಂತಾಗ ಸದ್ದು ಜಾಸ್ತಿ ಮಾಡುತ್ತದೆ, ಗಾಡಿ ಓಡತೊಡಗಿದ ಮೇಲೆ ಕಮ್ಮಿಯಾಗುತ್ತದೆ. ತಣ್ಣಗಿದ್ದರೂ ಬಿಸಿಯಾದರೂ ಒಂದೇ ಲಯದ 'ಟಿಕ್ ಟಿಕ್' ಬರುತ್ತಿದ್ದರೆ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಹೊಂದಿಸಬೇಕು.

ಆಯಿಲ್ ಮಟ್ಟ ಹೇಳುವ ಕಥೆ

ಮಟ್ಟ ನೋಡುವುದರಲ್ಲೇ ತಪ್ಪಾಗುವುದು ಜಾಸ್ತಿ. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದರೆ ಲೆಕ್ಕ ಸುಳ್ಳಾಗುತ್ತದೆ. ಗಾಡಿ ನೆಟ್ಟಗಿರಬೇಕು. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಬಿಟ್ಟು ನೋಡಿ. ಡಿಪ್‌ಸ್ಟಿಕ್ (ಮಟ್ಟ ಅಳೆಯುವ ಕಡ್ಡಿ) ಇದ್ದರೆ ಅದನ್ನು ತಿರುಪಿ ಬಿಗಿದು ನೋಡಬೇಕೋ ಸುಮ್ನೆ ಇಟ್ಟು ನೋಡಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿಯಲ್ಲಿ ಬರೆದಿರುತ್ತದೆ.

ಮಟ್ಟ ಜಾಸ್ತಿಯಿದ್ದರೆ ತಿರುಗುವ ಭಾಗಗಳು ಆಯಿಲ್ಲನ್ನು ಕಡೆದು ನೊರೆ ಮಾಡುತ್ತವೆ. ಎಳೆತ ಕಮ್ಮಿಯಾಗುತ್ತದೆ, ಏರ್ ಫಿಲ್ಟರ್ ಡಬ್ಬಿಗೆ ಆಯಿಲ್ ಬರುತ್ತದೆ, ಹೊಗೆಯೂ ಬರಬಹುದು. ಫಿಲ್ಟರ್ ಬದಲಾಯಿಸದೆ ಬರೀ ಆಯಿಲ್ ಬದಲಾಯಿಸಿದಾಗ ಬೇಕಾಗುವ ಪ್ರಮಾಣ ಕಮ್ಮಿ. ಎರಡಕ್ಕೂ ಕೈಪಿಡಿಯಲ್ಲಿ ಬೇರೆ ಬೇರೆ ಅಂಕಿ ಇದೆ. ಡಬ್ಬದಲ್ಲಿದ್ದಷ್ಟನ್ನೂ ಸುರಿಯುವುದು ಸರಿಯಲ್ಲ.

ಯಾರೂ ಹಾಕದೆಯೇ ಮಟ್ಟ ಏರುತ್ತಿದ್ದರೆ ಗಾಡಿ ಓಡಿಸಬೇಡಿ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರ್‌ನ ಫ್ಲೋಟ್ ಸೂಜಿ ಸೋರಿ ಪೆಟ್ರೋಲ್ ಎಂಜಿನ್ನಿಗೆ ಇಳಿಯುತ್ತಿರಬಹುದು. ಆ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಮೊದಲು ಸೋರುವುದನ್ನು ನಿಲ್ಲಿಸಿ, ಆಮೇಲೆ ಆಯಿಲ್ ಬದಲಾಯಿಸಿ. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಚಿಕ್ಕ ಚಿಕ್ಕ ಓಡಾಟ ಮಾತ್ರ ಇದ್ದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಆವಿ ಒಳಗೇ ನೀರಾಗುತ್ತದೆ, ಒಂದು ಉದ್ದದ ಓಡಾಟದಲ್ಲಿ ಅದು ಹೋಗುತ್ತದೆ. ಕೂಲಂಟ್ ಇರುವ ಗಾಡಿಯಲ್ಲಿ ಕೂಲಂಟ್ ಮಟ್ಟವೂ ಇಳಿದಿದ್ದರೆ ವಾಟರ್ ಪಂಪಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಮಟ್ಟ ಇಳಿಯುತ್ತಿದ್ದು ಕೆಳಗೆ ಒಂದು ಹನಿಯೂ ಇಲ್ಲದಿದ್ದರೆ ಸೈಲೆನ್ಸರ್ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಕೊಟ್ಟಾಗ ಬಂದರೆ ಪಿಸ್ಟನ್ ರಿಂಗ್. ಇದಕ್ಕೆ ದಪ್ಪ ಆಯಿಲ್ ಹಾಕಿ ಮುಚ್ಚಿಡುವ ರೂಢಿ ಇದೆ. ಸ್ವಲ್ಪ ದಿನ ಹೊಗೆ ಕಮ್ಮಿ ಕಾಣಬಹುದು, ಸವೆದದ್ದು ಸವೆದೇ ಇರುತ್ತದೆ.

ಬರೀ ಬಣ್ಣ ನೋಡಿ ಆಯಿಲ್ ಕೆಟ್ಟಿದೆ ಅನ್ನಬೇಡಿ. ಆಯಿಲ್‌ನಲ್ಲಿರುವ ತೊಳೆಯುವ ವಸ್ತು ಮಸಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಕಪ್ಪಾಗುವುದು. ಅದರ ಬದಲು ಡ್ರೈನ್ ಬೋಲ್ಟ್ ನೋಡಿ. ಮ್ಯಾಗ್ನೆಟ್ ಇದ್ದರೆ ಅದರ ತುದಿಗೆ ಬೂದು ಬಣ್ಣದ ನುಣುಪಾದ ಪೇಸ್ಟ್ ಅಂಟಿರುವುದು ಸಹಜ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಆಯಿಲ್ ಬದಲಾಯಿಸಿ ಮುಂದೆ ಹೋಗಬೇಡಿ, ಎಂಜಿನ್ ಬಿಚ್ಚಿಸಿ. ಓಡುತ್ತಿರುವಾಗ ಆಯಿಲ್ ದೀಪ ಹೊತ್ತಿದರೂ ಅಷ್ಟೇ. ಮನೆ ಹತ್ತಿರವೇ ಇದೆ ಅನ್ನದೆ ಅಲ್ಲೇ ಎಂಜಿನ್ ನಿಲ್ಲಿಸಿ.

ಭಾವನವರ ಗಾಡಿಗೆ ನಾವು ಎರಡು ಸಲ ಆಯಿಲ್ ಇಳಿಸಿ ತುಂಬಿದೆವು. ಎರಡನೇ ಸಲ ಹಾಕಿದ್ದು ಕೈಪಿಡಿ ಹೇಳಿದ್ದ 10ಡಬ್ಲ್ಯೂ-30, ಎಂಎ2. ಜಾರುವುದು ನಿಂತಿತು, ಅದೇ ಏರನ್ನು ಇಬ್ಬರೂ ಕೂತು ಹತ್ತಿಸಿದೆವು. ಮೊದಲು ಬಿಚ್ಚಿ ತೆಗೆದಿದ್ದ ಹಳೇ ಪ್ಲೇಟುಗಳನ್ನು ಭಾವ ಒಂದು ಕವರ್‌ನಲ್ಲಿ ಇಟ್ಟುಕೊಂಡಿದ್ದರು. ಅವನ್ನು ತಂದು ಒಂದೊಂದಾಗಿ ಕ್ಯಾಲಿಪರ್‌ನಲ್ಲಿ ಅಳೆದೆ. ಎಲ್ಲವೂ ಕೈಪಿಡಿ ಕೊಟ್ಟ ಮಿತಿಗಿಂತ ದಪ್ಪವಾಗಿಯೇ ಇದ್ದವು.